ಗಣಿಯೊಳಗಿನ ವಿದ್ವತ್ಸಭೆ

ವೇಲ್ಸ್ ದೇಶದ ವಾಯವ್ಯದಲ್ಲಿರುವ ಬ್ಲೈನೈ ಫೆಸ್ಟಿನಿಯೋಗ್ ಎಂಬ ಊರು ಬೆಟ್ಟಗಳ ನಡುವೆ ಇದೆ ಎನ್ನುವುದಕ್ಕಿಂತ ಒಡೆದ ಕಲ್ಲಿನ ರಾಶಿಗಳ ನಡುವೆ ಇದೆ ಎನ್ನುವುದೇ ಸರಿ. 1951ರಲ್ಲಿ ಸುತ್ತಲಿನ ಸ್ನೋಡೋನಿಯಾ ಪ್ರದೇಶವು ರಾಷ್ಟ್ರೀಯ ಉದ್ಯಾನವಾದಾಗ, ಈ ರಾಶಿಗಳ ದೆಸೆಯಿಂದ ಊರನ್ನು ಅದರ ಹೊರಗಿಡಲಾಯಿತು. ಅದೇ ರಾಶಿಗಳನ್ನೊಳಗೊಂಡ ಭೂದೃಶ್ಯವನ್ನು ಯುನೆಸ್ಕೋ 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕನ್ನಡದ ಮಕ್ಕಳು ತಲೆಮಾರುಗಳ ಕಾಲ ಅಕ್ಷರ ತಿದ್ದಿದ ಸ್ಲೇಟಿನ ಜಾತಿಯ ಕಲ್ಲೇ ಇಲ್ಲಿಯದು; ಆದರೆ ಇಲ್ಲಿ ಅದರ ಮುಖ್ಯ ಉಪಯೋಗ ಮನೆಯ ಮಾಡಿಗೆ.

ಒಂದು ದಿನದ ಮಟ್ಟಿಗೆ ಬರುವ ಪ್ರವಾಸಿಗಳು ಬಹುಮಟ್ಟಿಗೆ ನೋಡುವುದು ಲೆಖ್ವೆದ್ ಗಣಿಯನ್ನು. 1846ರಲ್ಲಿ ಆರಂಭವಾದ ಈ ಗಣಿ 1972ರಿಂದ ವೀಕ್ಷಕರಿಗೆ ತೆರೆದಿದೆ. ಕಡಿದಾದ ಇಳಿಜಾರಿನ ಬಂಡಿಯಲ್ಲಿ ಇಳಿದವರಿಗೆ ದೇವಾಲಯದ ಮಂಟಪಗಳಿಗಿಂತ ಎತ್ತರವಾದ ಗುಹಾಂಗಣಗಳು ಕಾಣುತ್ತವೆ. ವಿದ್ಯುದ್ದೀಪಗಳ ಬೆಳಕಿನಲ್ಲಿ ಅವು ರಮ್ಯವೇ ಸರಿ. ಅವನ್ನು ಕೊರೆದವನಿಗಿದ್ದುದು ಒಂದು ಮೇಣದ ಬತ್ತಿ. ಅದರ ಬೆಲೆಯೂ ಸಿಡಿಮದ್ದಿನ ಬೆಲೆಯೂ ಅವನ ಕೂಲಿಯಿಂದಲೇ ಸಲ್ಲಬೇಕಿತ್ತು. ಸರಪಳಿಯೊಂದನ್ನು ತೊಡೆಗೆ ಸುತ್ತಿಕೊಂಡು, ಬಂಡೆಯ ಮೈಗೆ ತೂಗುತ್ತಾ ಅವನು ರಂಧ್ರ ಕೊರೆಯುತ್ತಿದ್ದ. ಕಲ್ಲಿನ ಧೂಳು ಶ್ವಾಸಕೋಶವನ್ನು ತಿನ್ನುತ್ತಿದ್ದರೆ, ಮಾಲೀಕರ ಪಕ್ಷದ ವೈದ್ಯರು ಹೆಚ್ಚು ಕುದಿಸಿದ ಚಹಾದ ಮೇಲೆ ತಪ್ಪು ಹೊರಿಸಿದ್ದೂ ಉಂಟು. ಈ ರೋಗಿಗಳಿಗೆ ಪರಿಹಾರ ದೊರಕಿಸಿದ ಕಾಯಿದೆ ಬಂದದ್ದು 1979ರಲ್ಲಿ; ಅಷ್ಟರೊಳಗೆ ಹೆಚ್ಚಿನ ಗಣಿಗಳೇ ಮುಚ್ಚಿದ್ದವು.

ಸೀಳಿದ ಹಂಚುಗಳಿಗೆ ಅಳತೆಗೆ ತಕ್ಕಂತೆ ರಾಣಿ, ಡಚೆಸ್, ಕೌಂಟೆಸ್ ಎಂಬ ಇಂಗ್ಲಿಷ್ ಅಂತಃಪುರದ ಹೆಸರುಗಳಿದ್ದವು. ಸೀಳುವವರ ಮಾತು ಮಾತ್ರ ವೆಲ್ಷ್. ಆ ಭಾಷೆ ಕಲ್ಲಿನ ಸದ್ದಿನ ನಡುವೆಯೂ ಬಾಡದೆ ಉಳಿದುದಕ್ಕೆ 'ಕಬಾನ್' ಒಂದು ಕಾರಣವೆನ್ನಬೇಕು. ಕಬಾನ್ ಎಂದರೆ ಕೆಲಸಗಾರರು ಮಧ್ಯಾಹ್ನ ಬುತ್ತಿ ಬಿಚ್ಚುತ್ತಿದ್ದ ಕೋಣೆ. ಅಲ್ಲಿ ಅಧ್ಯಕ್ಷನೊಬ್ಬನನ್ನು ಚುನಾಯಿಸಿಕೊಂಡು, ಊಟದ ಆ ಅಲ್ಪ ವಿರಾಮದಲ್ಲೇ ಕಾವ್ಯವಾಚನ, ಭಕ್ತಿಗೀತ, ಧರ್ಮಚರ್ಚೆ, ರಾಜಕೀಯ ವಾಗ್ವಾದಗಳನ್ನು ನಡೆಸುತ್ತಿದ್ದರು. ನಡಾವಳಿಯನ್ನು ಬರೆದಿಡುವ ಪದ್ಧತಿಯೂ ಇತ್ತು. ರಾಜಾಸ್ಥಾನದ ಗೋಷ್ಠಿಗಳನ್ನು ವರ್ಣಿಸಿ ದಣಿದ ಸಾಹಿತ್ಯ ಚರಿತ್ರೆಗಳು ಇಂಥ ಗೋಷ್ಠಿಗಳಿಗೆ ಒಂದೆರಡು ಪುಟಗಳನ್ನಾದರೂ ಕೊಡಬಹುದಿತ್ತು.

ಗಣಿಯಿಂದ ಮೇಲೆ ಬಂದ ಪ್ರವಾಸಿಗೆ ಸಂಜೆಗೆ ಇನ್ನೂ ಹೊತ್ತಿದ್ದರೆ ಬ್ಯಾಂಗೋರ್ ಪಟ್ಟಣ ದೂರವೇನಲ್ಲ. 1884ರಲ್ಲಿ ಅಲ್ಲಿ ವಿಶ್ವವಿದ್ಯಾಲಯ ಕಾಲೇಜು ತೆರೆದಾಗ, ಅದರ ನಿಧಿಗೆ ಈ ಸೀಮೆಯ ಕಲ್ಲುಗಣಿಯ ಕೆಲಸಗಾರರೂ ವಾರದ ಕೂಲಿಯಲ್ಲಿ ಉಳಿಸಿದ ಬಿಡಿನಾಣ್ಯಗಳನ್ನು ವಂತಿಗೆಯಾಗಿ ಕೊಟ್ಟಿದ್ದರು.