ಪೈಲಟ್ ಗೆಳೆಯನೂ ನಿದ್ದೆಯ ಲೆಕ್ಕವೂ

ನಮ್ಮ ದಂಡಿಗನಹಳ್ಳಿ ಕಡೆ ಪೈಲಟ್ ಅಂದ್ರೆ ಇನ್ನೂ ಬೆರಗು. "ತಿಂಗಳಿಗೆ ಎಷ್ಟು ಲಕ್ಷವಂತೆ?" ಅನ್ನೋದು ಮೊದಲನೇ ಪ್ರಶ್ನೆ, "ಹೆದರಿಕೆ ಆಗಲ್ವಂತಾ?" ಅನ್ನೋದು ಎರಡನೇದು. ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಕೋಡಿಂಗ್ ಸಹವಾಸ ಬೇಡ ಅಂತ ಪೈಲಟ್ ಆಗಿದ್ದಾನೆ. ನಾನು ಅವನನ್ನ ಕೇಳಿದ್ದು ಬೇರೆ: "ದಿನಾ ಕಷ್ಟ ಅನ್ಸೋದು ಯಾವುದೋ?" ಗುಡುಗು, ಮಳೆ, ಮಂಜು ಅಂತಾನೆ ಅಂದ್ಕೊಂಡಿದ್ದೆ. ಅವನು ಹೇಳಿದ್ದು ಒಂದೇ ಮಾತು... ನಿದ್ದೆ.

ಬೆಳಗ್ಗೆ ಆರಕ್ಕೆ ವಿಮಾನ ಹಾರಬೇಕು ಅಂದ್ರೆ ಅವನು ಎರಡೂವರೆಗೇ ಏಳಬೇಕು. ಹೋದ ತಕ್ಷಣ ಉಸಿರು ಊದಿ ಮದ್ಯದ ಪರೀಕ್ಷೆ. ಹಾರೋಕೆ 12 ಗಂಟೆ ಮೊದಲಿಂದ ಒಂದು ಹನಿಯೂ ಮುಟ್ಟೋ ಹಾಗಿಲ್ಲ. ಆಲ್ಕೋಹಾಲ್ ಇರೋ ಮೌತ್‌ವಾಶ್ ಕೂಡ ನಿಷಿದ್ಧ. ಆಮೇಲೆ ಹವಾಮಾನ ನೋಡಿ, ಇಳಿಯೋಕಾಗದಿದ್ರೆ ಯಾವ ಊರಿಗೆ ಹೋಗೋದು ಅಂತ ಯೋಚಿಸಿ, ಅದಕ್ಕೆ ತಕ್ಕಷ್ಟು ಇಂಧನ ಹಾಕಿಸಬೇಕು. ದಿನಕ್ಕೆ ಮೂರ್ನಾಲ್ಕು ಸಲ ಏರಿ ಇಳಿದು, ರಾತ್ರಿ ಯಾವುದೋ ಊರಿನ ಹೋಟೆಲ್. ಎರಡು ದಿನ ಬಿಟ್ಟು ರಾತ್ರಿ ಪಾಳಿ. ಇದರ ಮಧ್ಯೆ ವೈದ್ಯಕೀಯ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ. ನಮಗೆ ಡಿಗ್ರಿ ಜೊತೆ ಪರೀಕ್ಷೆ ಮುಗೀತು, ಅವನಿಗೆ ನಿವೃತ್ತಿ ಆಗೋ ತನಕ ಮುಗಿಯಲ್ಲ :)

ನಿದ್ದೆ ಅಷ್ಟು ದೊಡ್ಡ ವಿಷಯಾನಾ? ದೂರ ಬೇಡ, ನಮ್ಮ ಮಂಗಳೂರನ್ನೇ ನೋಡಿ. 2010ರ ಮೇ 22ರಂದು ದುಬೈನಿಂದ ರಾತ್ರಿ ಹೊರಟು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ, ಬೆಳಗ್ಗೆ ಆರರ ಸುಮಾರಿಗೆ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಇದ್ದ 166 ಜನರಲ್ಲಿ ಬದುಕಿದ್ದು 8 ಜನ. ತನಿಖೆ ಮಾಡಿದವರಿಗೆ ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿ ಕೇಳಿಸಿದ್ದು ಗೊರಕೆ. ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಮಲಗಿದ್ದರು. ಎದ್ದಾಗ ಮಂಪರು ಹರಿದಿರಲಿಲ್ಲ. ವಿಮಾನ ಇರಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಳಿಸೋದು ಬೇಡ, ಮತ್ತೆ ಮೇಲೇರೋಣ ಅಂತ ಸಹಪೈಲಟ್ ಮೂರು ಸಲ ಹೇಳಿದರೂ ಅದು ತಲೆಗೆ ಹೋಗಲಿಲ್ಲ.

ಇದು ಸೋಮಾರಿತನ ಅಲ್ಲ. ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗೆ ಯಾರ ಮೈಯಾದರೂ ನಿದ್ದೆ ಕೇಳುತ್ತೆ. ನಾನು ನಿದ್ದೆಗಣ್ಣಲ್ಲಿ ಕೋಡ್ ಬರೆದ್ರೆ ಬೆಳಗ್ಗೆ ಎದ್ದು ಹಳೇದನ್ನ ವಾಪಸ್ ಹಾಕಬಹುದು. ಅವನಿಗೆ ಆ ಸೌಕರ್ಯ ಇಲ್ಲ.

ಅದಕ್ಕೇ 2024ರ ಜನವರಿಯಲ್ಲಿ ಡಿಜಿಸಿಎ ಹೊಸ ನಿಯಮ ತಂತು. ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಹೊತ್ತಿನ ಲ್ಯಾಂಡಿಂಗ್ ಮಿತಿ 6ರಿಂದ 2ಕ್ಕೆ ಇಳಿಯಿತು. ಇದು ಪೂರ್ತಿ ಜಾರಿಗೆ ಬಂದಿದ್ದು 2025ರ ನವೆಂಬರ್‌ನಲ್ಲಿ. ಮರು ತಿಂಗಳೇ ಇಂಡಿಗೋಗೆ ಪೈಲಟ್‌ಗಳು ಸಾಲದೆ ಸಾವಿರಾರು ವಿಮಾನಗಳು ರದ್ದಾದವು, ಕೊನೆಗೆ ಆ ಕಂಪನಿಗೆ ರಾತ್ರಿ ಪಾಳಿಯ ನಿಯಮಗಳನ್ನ ತಾತ್ಕಾಲಿಕವಾಗಿ ಸಡಿಲ ಮಾಡಿದ್ರು. "ನಮಗೆ ನಿದ್ದೆ ಜಾಸ್ತಿ ಕೊಡಬೇಕಂದ್ರೆ ಜನಾನೂ ಜಾಸ್ತಿ ಬೇಕು. ಇದು ಕೂಡೋ ಕಳೆಯೋ ಲೆಕ್ಕ ಕಣೋ" ಅಂದ ಗೆಳೆಯ.

ರಾತ್ರಿ ಬಸ್ಸಲ್ಲಿ ಶಿರಾಡಿ ಘಾಟಿ ಇಳಿಯೋ ಹಾಸನದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಡ್ರೈವರ್ ಮುಖ ತೊಳೆದು ಟೀ ಕುಡಿಯೋಕೆ ನಿಲ್ಲಿಸಿದ್ರೆ ಯಾರೂ ಬೈಯಲ್ಲ, ಒಳ್ಳೇದೇ ಆಯ್ತು ಅಂತೀವಿ. "ಪೈಲಟ್ ಡ್ಯೂಟಿ ಸಮಯ ಮುಗೀತು, ವಿಮಾನ ತಡ" ಅಂದಾಗ ಮಾತ್ರ ಕೌಂಟರ್ ಮುಂದೆ ಯಾಕೆ ಕೂಗಾಡ್ತೀವಿ? ನೀವೇನಂತೀರಾ?