ಬಾಣದ ಗುರುತು ಬಂದ ದಾರಿ

ಟರ್ಬೊ ಸಿಯ ನೀಲಿ ಪರದೆಯ ಮುಂದೆ ಪ್ರೋಗ್ರಾಮಿಂಗ್ ಕಲಿತ ನಮ್ಮ ತಲೆಮಾರಿನವರಿಗೆ ಹೆಲ್ಪ್ ಎಂದರೆ ಕಂಟ್ರೋಲ್ ಎಫ್ 1. ಫಂಕ್ಷನ್ ಹೆಸರಿನ ಮೇಲೆ ಕರ್ಸರ್ ಇಟ್ಟು ಒತ್ತಿದರೆ ಸಾಕು, ಯಾವ ಟೈಪಿನ ಆರ್ಗ್ಯುಮೆಂಟ್ ಕೊಡಬೇಕು, ಏನು ವಾಪಸ್ ಬರುತ್ತದೆ, ಯಾವ ಹೆಡರ್ ಫೈಲ್ ಸೇರಿಸಬೇಕು, ಎಲ್ಲ ಪುಟ್ಟ ಕಿಟಕಿಯಲ್ಲಿ ಬರುತ್ತಿತ್ತು. ಇಂಟರ್ನೆಟ್ ಇಲ್ಲದ ಕಾಲೇಜು ಲ್ಯಾಬಿನಲ್ಲಿ ಅರ್ಧ ಪಾಠ ಅಲ್ಲೇ ಆಗುತ್ತಿತ್ತು. ಸಿ ಭಾಷೆಯಲ್ಲಿ ಟೈಪ್ ಬರೆಯದೆ ಗತಿಯಿಲ್ಲವಾದ್ದರಿಂದ ಹೆಲ್ಪ್ ಬರೆಯುವವರಿಗೂ ಅದು ಸಿದ್ಧ ಸರಕು.

ಬೆಂಗಳೂರಿಗೆ ಕೆಲಸಕ್ಕೆ ಬಂದು ಪೈಥಾನ್ ಹಿಡಿದಾಗ ಈ ಅಭ್ಯಾಸ ತಪ್ಪಿತು. ಇಲ್ಲಿ ಫಂಕ್ಷನ್ ಬರೆಯುವವರು ಟೈಪ್ ಹೇಳುವ ಹಾಗೇ ಇರಲಿಲ್ಲ. ಕಾ-ಪಿಂಗ್ ಯೀ ಬರೆದ ಪೈಡಾಕ್ 2001ರಲ್ಲಿ 2.1ನೇ ಆವೃತ್ತಿಯೊಂದಿಗೆ ಬಂದಿತ್ತು. ಹೆಲ್ಪ್ ಕೇಳಿದರೆ ಅದು ಆರ್ಗ್ಯುಮೆಂಟುಗಳ ಹೆಸರನ್ನೂ ಕೆಳಗಿನ ಡಾಕ್‌ಸ್ಟ್ರಿಂಗನ್ನೂ ತೋರಿಸುತ್ತಿತ್ತು. ಸಿಯಲ್ಲಿ ಬರೆದ ಒಳಗಿನ ಫಂಕ್ಷನ್‌ಗಳಿಗೆ ಹೆಸರೂ ಸಿಗುತ್ತಿರಲಿಲ್ಲ, ಬರೀ ಮೂರು ಚುಕ್ಕಿ. ಆ ಕೊರತೆ ತುಂಬಲು ಪೈಥಾನ್ ಕಟ್ಟಿದವರು ಡಾಕ್‌ಸ್ಟ್ರಿಂಗಿನ ಮೊದಲ ಸಾಲಿನಲ್ಲೇ ಕೈಯಾರೆ ಒಂದು ಬಾಣ ಎಳೆದಿದ್ದರು. ಲೆನ್, ಅದರೊಳಗೆ ಆಬ್ಜೆಕ್ಟ್, ಬಾಣ, ಇಂಟಿಜರ್. ಸ್ಟ್ರಿಂಗಿನ ಫೈಂಡ್‌ಗೆ ಬಂದರೆ ಬಾಣದಾಚೆ ಇಂಟಿಜರ್ ಅಲ್ಲ, ಮೊಟಕಾಗಿ ಇಂಟ್. ಓಪನ್‌ಗೆ ಫೈಲ್ ಆಬ್ಜೆಕ್ಟ್. ಸಮ್‌ಗೆ ಸುಮ್ಮನೆ ವ್ಯಾಲ್ಯೂ. ಡಿಕ್ಷನರಿಯ ಗೆಟ್ ಅಂತೂ ಟೈಪಿನ ಗೊಡವೆಯೇ ಬೇಡವೆಂದು, ಕೀ ಇದ್ದರೆ ಇದು, ಇಲ್ಲದಿದ್ದರೆ ಅದು ಎಂದು ಬಾಣದಾಚೆ ಒಂದು ಪುಟ್ಟ ಷರತ್ತನ್ನೇ ಬರೆದುಕೊಂಡಿತ್ತು. ವ್ಯಾಕರಣವಿಲ್ಲದ ಬರವಣಿಗೆ ಅದು, ಯಂತ್ರಕ್ಕೆ ಓದಲು ಬರುವಂಥದ್ದಲ್ಲ. ಆದರೂ ಓದುವ ಮನುಷ್ಯನಿಗೆ ಅದರಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಆಮೇಲೆ ಕಾಣಲಿಲ್ಲ.

ನಾವು ಪೈಥಾನಿನಲ್ಲಿ ಬರೆಯುವ ಫಂಕ್ಷನ್‌ಗಳಿಗೆ ಈ ಬಾಣ ಸಲ್ಲದು ಎಂದು ಅದೇ 2001ರ ಪೆಪ್ 257 ಹೇಳಿತ್ತು. ಆರ್ಗ್ಯುಮೆಂಟುಗಳು ಹೇಗೂ ಕೋಡಿನಿಂದಲೇ ತಿಳಿಯುತ್ತವೆ, ಅದನ್ನೇ ಮತ್ತೆ ಬರೆಯಬೇಡಿ. ವಾಪಸ್ ಬರುವುದು ಏನು ಎಂಬುದು ಮಾತ್ರ ಹಾಗೆ ತಿಳಿಯದು, ಅದನ್ನು ವಾಕ್ಯದಲ್ಲಿ ಹೇಳಿ ಎಂಬುದು ಅದರ ಸಲಹೆ. ಒಳ್ಳೆಯ ಸಲಹೆಯೇ. ಪಾಲಿಸಿದವರು ಕಡಿಮೆ.

ಬರೆದವರದ್ದೂ ಉಳಿಯುತ್ತಿರಲಿಲ್ಲ. ನಾನಿದ್ದ ಒಂದು ಕಂಪನಿಯಲ್ಲಿ ಡೇಟಾಬೇಸಿನಿಂದ ಸಾಲುಗಳನ್ನು ತರುವ ಫಂಕ್ಷನ್ ಒಂದಿತ್ತು. ಲಿಸ್ಟ್ ಕೊಡುತ್ತದೆ ಎಂದು ಡಾಕ್‌ಸ್ಟ್ರಿಂಗ್ ಹೇಳುತ್ತಿತ್ತು. ಮೆಮೊರಿ ಉಳಿಸಲೆಂದು ಯಾರೋ ಅದನ್ನು ಜನರೇಟರ್ ಮಾಡಿದರು. ಡಾಕ್‌ಸ್ಟ್ರಿಂಗ್ ಹಾಗೇ ಉಳಿಯಿತು. ಜನರೇಟರನ್ನು ಒಮ್ಮೆ ಓದಿ ಮುಗಿಸಿದರೆ ಮುಗಿಯಿತು, ಎರಡನೇ ಲೂಪಿಗೆ ಏನೂ ಸಿಗುವುದಿಲ್ಲ. ಹೆಲ್ಪ್ ನಂಬಿ ಎರಡು ಸಲ ಲೂಪ್ ಹಾಕಿದವರ ವರದಿಯಲ್ಲಿ ಒಟ್ಟು ಮೊತ್ತ ಸೊನ್ನೆ. ಎರರ್ ಕೂಡ ಬರದ ಬಗ್ ಅದು, ತಿಂಗಳ ಕೊನೆಯವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ.

2008ರಲ್ಲಿ ಗೆಯಾರ್ಗ್ ಬ್ರಾಂಡ್ಲ್ ಅವರ ಸ್ಫಿಂಕ್ಸ್ ಬಂತು. ಡಾಕ್‌ಸ್ಟ್ರಿಂಗಿನೊಳಗೇ ಟೈಪ್ ಹೇಳುವುದಕ್ಕೆ ಒಂದು ಕ್ರಮ ಸಿಕ್ಕಿತು. ನಂಪೈ ಬಳಗದ್ದು ಇನ್ನೊಂದು ಕ್ರಮ, ಗೂಗಲ್ಲಿನದು ಮತ್ತೊಂದು. ಕೋಡ್ ರಿವ್ಯೂಗಳಲ್ಲಿ ಯಾವ ಶೈಲಿ ಎಂಬ ಜಗಳಕ್ಕೆ ಹೋದ ಹೊತ್ತಿನಲ್ಲಿ ಟೈಪ್ ಸರಿಯಿದೆಯೇ ಎಂದು ನೋಡಿದ್ದರೆ ಎಷ್ಟೋ ಬಗ್ ತಪ್ಪುತ್ತಿತ್ತು.

ಈ ನಡುವೆ ಬಾಣ ಸದ್ದಿಲ್ಲದೆ ಭಾಷೆಯೊಳಗೇ ಬಂದಿತ್ತು. 2008ರ ಡಿಸೆಂಬರಿನ ಪೈಥಾನ್ 3.0 ಫಂಕ್ಷನ್ ಸಾಲಿನಲ್ಲೇ ಬಾಣ ಹಾಕಿ ಬರೆಯಲು ಬಿಟ್ಟಿತು. ಅಲ್ಲಿ ಏನು ಬರೆಯಬೇಕು, ಅದಕ್ಕೆ ಅರ್ಥವೇನು ಎಂದು ಮಾತ್ರ ಹೇಳಲಿಲ್ಲ. ವರ್ಷಗಟ್ಟಲೆ ನಮ್ಮಲ್ಲಿ ಯಾರೂ ಅದನ್ನು ಮುಟ್ಟಲೂ ಇಲ್ಲ. ಅರ್ಥ ಬಂದದ್ದು ಪೆಪ್ 484ರಿಂದ, 2015ರ ಪೈಥಾನ್ 3.5ರಲ್ಲಿ. ಭಾಷೆಯ ಜನಕ ಗೀಡೊ ವಾನ್ ರೋಸಮ್, ಮೈಪೈ ಎಂಬ ಪರೀಕ್ಷಕ ಕಟ್ಟಿದ ಯುಕ್ಕಾ ಲೆಹ್ತೊಸಾಲೊ ಮತ್ತು ಲೂಕಾಶ್ ಲಾಂಗಾ ಸೇರಿ ಬರೆದದ್ದು. ಗೀಡೊ ಆಗ ಇದ್ದ ಡ್ರಾಪ್‌ಬಾಕ್ಸ್ 2019ರ ಹೊತ್ತಿಗೆ 40 ಲಕ್ಷ ಸಾಲು ಕೋಡನ್ನು ಹೀಗೆ ಪರೀಕ್ಷೆಗೆ ಒಡ್ಡಿತ್ತು.

ನಮ್ಮ ತಂಡಕ್ಕೂ ಮೈಪೈ ಬಂತು. ಹೆಲ್ಪ್ ಕೇಳಿದರೆ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಟೈಪ್, ಅದೂ ಕೋಡಿನಿಂದಲೇ ಎತ್ತಿಕೊಂಡದ್ದು. ಲಿಸ್ಟ್ ಎಂದು ಬರೆದು ಜನರೇಟರ್ ಕೊಟ್ಟರೆ ಮೈಪೈ ಅಲ್ಲೇ ತಡೆಯುತ್ತಿತ್ತು. ಆ ಹಳೇ ಸೊನ್ನೆ ಮೊತ್ತದ ರಗಳೆ ನೆನೆದರೆ ಇದು ದೊಡ್ಡ ಉಪಕಾರವೇ. ಆದರೆ ತಮಾಷೆ ನೋಡಿ: 2014ರ 3.4ರಿಂದ ಮುಂದೆ ಒಳಗಿನ ಫಂಕ್ಷನ್‌ಗಳ ಆರ್ಗ್ಯುಮೆಂಟುಗಳನ್ನೂ ಯಂತ್ರ ಓದುವಂತೆ ಮಾಡುತ್ತ ಬಂದಾಗ ಆ ಕೈಬರಹದ ಬಾಣಗಳು ಹಲವು ಕಡೆ ಅಳಿಸಿಹೋದವು. ಈಗಿನ ಪೈಥಾನಿನಲ್ಲಿ ಲೆನ್ ಬಗ್ಗೆ ಹೆಲ್ಪ್ ಕೇಳಿದರೆ ಇಂಟಿಜರ್ ಎಂಬ ಮಾತೇ ಇಲ್ಲ. ಆ ಮಾಹಿತಿ ಟೈಪ್‌ಶೆಡ್ ಎಂಬ ಬೇರೆಯೇ ಕಡತಗಳ ರಾಶಿಯಲ್ಲಿದೆ; ಎಡಿಟರ್ ಅದನ್ನು ಓದಿ ಮೌಸ್ ಇಟ್ಟಲ್ಲಿ ತೋರಿಸುತ್ತದೆ. ಕಿರಿಯರಿಗೆ ಹೆಲ್ಪ್ ಎಂದರೆ ಈಗ ಅದೇ, ಪೈಡಾಕ್ ತೆರೆಯುವವರು ಅಪರೂಪ.

ಟೈಪ್ ಬಂದಮೇಲೆ ಡಾಕ್‌ಸ್ಟ್ರಿಂಗ್ ಯಾಕೆ ಎಂದು ಕೇಳುವ ಹುಡುಗರನ್ನು ನೋಡುತ್ತಿದ್ದೇನೆ. ಜಾವಾದ ಥ್ರೆಡ್ ಸ್ಲೀಪ್‌ಗೂ ಪೈಥಾನಿನ ಟೈಮ್ ಸ್ಲೀಪ್‌ಗೂ ಕೊಡುವುದು ಒಂದು ಸಂಖ್ಯೆ. ಅಲ್ಲಿ ಅದು ಮಿಲಿಸೆಕೆಂಡ್, ಇಲ್ಲಿ ಸೆಕೆಂಡ್. ಐದು ಸಾವಿರ ಎಂದು ಕೊಟ್ಟರೆ ಅಲ್ಲಿ ಐದು ಸೆಕೆಂಡ್, ಇಲ್ಲಿ ಒಂದು ಗಂಟೆಗೂ ಮೇಲೆ. ಮೈಪೈ ಎರಡನೆಯದಕ್ಕೂ ಸೈ ಎನ್ನುತ್ತದೆ. ಆದ್ದರಿಂದ ಕೋರಿಕೆ ಇಷ್ಟೇ: ಟೈಪನ್ನು ಬಾಣದ ಪಾಲಿಗೆ ಬಿಡಿ, ಆ ಸಂಖ್ಯೆ ಸೆಕೆಂಡೋ, ಪೈಸೆಯೋ, ಕಿಲೋಮೀಟರೋ ಎಂಬುದನ್ನು ಕೆಳಗೆ ಒಂದು ಸಾಲಿನಲ್ಲಿ ಬರೆಯಿರಿ.