ಹೆಪ್ಪಾಗದ ನೀರು

ಮೊದಲ ದಿನ

ಮಗಳ ಹುಟ್ಟುಹಬ್ಬಕ್ಕೆ ಗಾಜಿನ ತೊಟ್ಟಿ ಬಂತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಅಂಚಿನವರೆಗೆ ತುಂಬಿದರೆ 56 ಲೀಟರ್. ಜಲ್ಲಿ ಹಾಸಿ, ಮೇಲೆ ಮೂರು ಬೆರಳು ಜಾಗ ಬಿಟ್ಟು 45 ಎಂದು ಬರೆದುಕೊಂಡೆ. ಅಂಗಡಿಯವನು ಆರು ಗೋಲ್ಡ್ ಫಿಶ್, ನಾಲ್ಕು ಗಪ್ಪಿ ಕೊಟ್ಟ. ಜೊತೆಗೆ ಹೆಬ್ಬೆರಳುದ್ದದ ನೀಲಿ ಔಷಧಿ ಬಾಟ್ಲಿ. "ಏನೇ ಆದ್ರೂ ನಾಲ್ಕು ಹನಿ ಹಾಕಿ ಸಾರ್." ಏನೇನು ಆಗಬಹುದು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಓವರ್‌ಹೆಡ್ ಟ್ಯಾಂಕಿನ ಹಳೇ ನೀರು ಯಾಕೆ, ಪಾಪ, ಎಂದು ಅಡುಗೆಮನೆಯ ಡೈರೆಕ್ಟ್ ನಲ್ಲಿಯಿಂದ ತಾಜಾ ಕಾವೇರಿ ನೀರನ್ನೇ ಹಿಡಿದು ತುಂಬಿದೆ. ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ.

ಎರಡನೆಯ ದಿನ

ಬೆಳಿಗ್ಗೆ ಎರಡು ಗೋಲ್ಡ್ ಫಿಶ್ ಅಡ್ಡ ತೇಲುತ್ತಿದ್ದವು. ಉಳಿದವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ನೀರಿನ ದಾರಿಯನ್ನು ಹಿಂದಕ್ಕೆ ಹಿಡಿದು ಹೊರಟೆ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ನೂರು ಕಿಲೋಮೀಟರಿನಷ್ಟು ದೂರದಿಂದ ನಮ್ಮ ಮನೆಗೆ ಬರುವ ನೀರು ಇದು. ಇಷ್ಟುದ್ದ ಪೈಪಿನಲ್ಲಿ ರೋಗಾಣು ಸೇರದಿರಲಿ ಎಂದು ಕ್ಲೋರಿನ್ ಬಿಟ್ಟಿರುತ್ತಾರೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂದು ಕುಡಿಯುವ ನೀರಿನ ಭಾರತೀಯ ಮಾನಕವೇ ಹೇಳುತ್ತದೆ. ನಮ್ಮ ಹೊಟ್ಟೆಯನ್ನು ಕಾಯುವ ಆ ಕಾವಲುಗಾರನೇ ಮೀನಿನ ಕಿವಿರನ್ನು ಸುಡುತ್ತಾನೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಗಾಳಿಗುಳ್ಳೆ ಬಿಟ್ಟರೆ ಇನ್ನೂ ಬೇಗ; ಆತುರವಿದ್ದವರು ಸೋಡಿಯಂ ಥಯೋಸಲ್ಫೇಟ್ ಹನಿ ಹಾಕುತ್ತಾರೆ. ಅಂದರೆ ನಾನು ಬೇಡವೆಂದ ಓವರ್‌ಹೆಡ್ ಟ್ಯಾಂಕಿನ ಹಳೇ ನೀರೇ ವಾಸಿಯಿತ್ತು.

ನಾಲ್ಕನೆಯ ದಿನ

ನೀರು ಅಕ್ಕಿ ತೊಳೆದ ಕಲಗಚ್ಚಿನಂತಾಗಿದೆ. ಫಿಲ್ಟರ್ ಓಡುತ್ತಿದೆ, ಗುಳ್ಳೆ ಏಳುತ್ತಿದೆ, ಆದರೂ ಹಿಂದಿನ ಗೋಡೆ ಕಾಣುತ್ತಿಲ್ಲ. ಪೂರ್ತಿ ಖಾಲಿ ಮಾಡಿ, ಜಲ್ಲಿ ತೊಳೆದು, ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಬೆಳ್ಳಗಾಗುವವರೆಗೆ ಹಿಂಡಿ, ಈ ಸಲ ದಿನವಿಡೀ ತೆರೆದಿಟ್ಟಿದ್ದ ನೀರು ತುಂಬಿದೆ.

ಏಳನೆಯ ದಿನ

ಮತ್ತೆ ಕಲಗಚ್ಚು. ಇನ್ನೊಂದು ಗೋಲ್ಡ್ ಫಿಶ್ ಹೋಯಿತು. ಮತ್ತೆ ತೊಳೆದೆ. "ಸ್ಕೂಟರ್ ವರ್ಷಕ್ಕೊಂದ್ಸಲ ತೊಳೀತೀರಿ, ಇದನ್ನ ವಾರಕ್ಕೆರಡು ಸಲ," ಎಂದಳು ಹೆಂಡತಿ. ಮೆಚ್ಚುಗೆಯೋ ಕೊಂಕೋ ಗೊತ್ತಾಗಲಿಲ್ಲ.

ಅದೇ ರಾತ್ರಿ

ಶೃಂಗೇರಿಯ ತುಂಗೆ ನೆನಪಾಗುತ್ತಿದೆ. ಮೆಟ್ಟಿಲ ಮೇಲೆ ಕೂತವರೆಲ್ಲ ಮಂಡಕ್ಕಿ ಎರಚುತ್ತಾರೆ, ತೋಳುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ತಿನ್ನುತ್ತವೆ. ಅಲ್ಲಿ ಯಾರೂ ನೀರು ಬದಲಾಯಿಸುವುದಿಲ್ಲ. ಇಲ್ಲಿ ನನ್ನದು ದಿನಕ್ಕೆರಡು ಚಿಟಿಕೆ ಕಾಳು.

ಅದಿರಲಿ, ಶೃಂಗೇರಿಯಲ್ಲಿ ಹೊಳೆ ಹರಿಯುತ್ತದೆ, ಒಪ್ಪಿದೆ. ಆದರೆ ನಮ್ಮ ಬೀದಿ ಕೊನೆಯ ಮೋರಿಯಲ್ಲೂ ಗಪ್ಪಿ ಇವೆ. ಸೊಳ್ಳೆ ಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಕೆರೆಕುಂಟೆಗಳಿಗೆ ಬಿಡುವ ಜಾತಿಯೇ ಅದು. ಕರಿ ನೀರಿನಲ್ಲಿ, ಪ್ಲಾಸ್ಟಿಕ್ ಕವರುಗಳ ನಡುವೆ ಸಂಸಾರ ಮಾಡಿಕೊಂಡಿವೆ. ಮೋರಿಯಲ್ಲಿ ಬದುಕುವುದು ಕಾವೇರಿ ನೀರಿನಲ್ಲಿ ಯಾಕೆ ಒದ್ದಾಡಬೇಕು?

ಒಂಬತ್ತನೆಯ ದಿನ

ನಿನ್ನೆ ಜಾಣತನ ಮಾಡಲು ಹೋದೆ. ಬೋರ್‌ವೆಲ್ ನೀರಿಗೆ ಕ್ಲೋರಿನ್ ಇಲ್ಲವಲ್ಲ ಎಂದು ಅರ್ಧ ತೊಟ್ಟಿಗೆ ಅದನ್ನೇ ಬಿಟ್ಟೆ. ಇವತ್ತು ಒಂದು ಗೋಲ್ಡ್ ಫಿಶ್, ಒಂದು ಗಪ್ಪಿ ಇಲ್ಲ.

ನೀಲಿ ಹನಿ ನಾಲ್ಕು ಹಾಕಿದೆ. ತೊಟ್ಟಿ ನೀಲಿಯಾಯಿತು, ಗಾಜಿನ ಮೂಲೆಗಳ ಅಂಟು ನೀಲಿಯಾಯಿತು, ನನ್ನ ಬೆರಳು ಸೋಮವಾರ ಆಫೀಸಿನವರೆಗೂ ನೀಲಿಯಾಗೇ ಬಂತು.

ಹನ್ನೊಂದನೆಯ ದಿನ

ಮೀನಿಗಿಂತ ದುಬಾರಿಯಾದ ಪರೀಕ್ಷಾ ಕಿಟ್ ತಂದೆ. ಸಣ್ಣ ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರ್ ತೊಟ್ಟಿ ನೀರು, ಮೇಲೆ ಎಣಿಸಿ ಎಣಿಸಿ ಹನಿ. ಅಮೋನಿಯಾಕ್ಕೆ ಐದು ನಿಮಿಷ ಕಾಯಬೇಕು. ಹಳದಿಯಾಗೇ ಉಳಿದರೆ ಸೊನ್ನೆ, ಹಸಿರಿಗೆ ತಿರುಗಿದರೆ ಕೇಡು. ನಮ್ಮದು ಬಾಳೆ ಎಲೆ ಹಸಿರು. ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿದರೆ ಲೀಟರಿಗೆ 4 ಮಿಲಿಗ್ರಾಂ. ಅದನ್ನು ಹಿಡಿದುಕೊಂಡಾಗ ತೊಟ್ಟಿಯ ನೀರು ಮಾತ್ರ ಸೊಗಸಾಗಿ ತಿಳಿಯಾಗಿತ್ತು. ನೀಲಿ ಛಾಯೆಯೂ ಬಹುಪಾಲು ಇಳಿದಿತ್ತು. ಕಣ್ಣಿಗೆ ಕಾಣುವ ತಿಳಿಗೂ ಮೀನು ಕುಡಿಯುವ ವಿಷಕ್ಕೂ ನಂಟೇ ಇಲ್ಲ ಎಂಬುದು ನನಗೆ ಅರಗಲು ಆ ಹಸಿರು ನಳಿಕೆ ಬೇಕಾಯಿತು.

ಮೀನು ಅಮೋನಿಯಾವನ್ನು ಹೆಚ್ಚಾಗಿ ಕಿವಿರಿನಿಂದಲೇ ಹೊರಹಾಕುತ್ತದೆ. ತಿನ್ನದೆ ಉಳಿದ ಕಾಳು, ಹಿಕ್ಕೆ ಕೊಳೆತೂ ಅದೇ. ಬೋರ್‌ವೆಲ್ ಜಾಣತನದ ಗುಟ್ಟೂ ಸಿಕ್ಕಿತು. ನೀರಿನ ಪಿಎಚ್ 7 ಇದ್ದರೆ, 25 ಡಿಗ್ರಿ ಸೆಖೆಯಲ್ಲಿ, ಒಟ್ಟು ಅಮೋನಿಯಾದಲ್ಲಿ ನಿಜವಾಗಿ ಕೊಲ್ಲುವ ರೂಪದ್ದು ನೂರಕ್ಕೆ ಅರ್ಧ ಪಾಲು ಮಾತ್ರ. ಮಿಕ್ಕದ್ದು ಅಷ್ಟೇನೂ ಕೇಡು ಮಾಡದ ಅಮೋನಿಯಂ. ಪಿಎಚ್ 8 ಆದರೆ ಕೊಲ್ಲುವ ಪಾಲು ನೂರಕ್ಕೆ ಐದು. ನಮ್ಮ ಬೋರ್ ನೀರಿನ ಪಿಎಚ್ ಕಿಟ್ ಪ್ರಕಾರ 8. ಒಂದು ಹನಿ ಅಮೋನಿಯಾವನ್ನೂ ಹೊಸದಾಗಿ ಸೇರಿಸದೆ ವಿಷವನ್ನು ಕೆಲವು ಪಟ್ಟು ಏರಿಸಿದ್ದೆ.

ಹನ್ನೆರಡನೆಯ ದಿನ

ಮಗಳು ಎಂಟನೇ ತರಗತಿಯ ಪುಸ್ತಕ ತಂದು ತೋರಿಸಿದಳು. "ಅಪ್ಪಾ, ಸಾರಜನಕ ಚಕ್ರ. ಪಾಠದಲ್ಲೇ ಇದೆಯಲ್ಲಪ್ಪಾ." ನಾನೂ ಓದಿ ಪಾಸಾದವನೇ. ಬಾಣಗಳ ಸಮೇತ ಚಿತ್ರ ಬರೆದು ಅಂಕ ತಗೊಂಡಿದ್ದೆ. ಆ ಬಾಣಗಳು ಯಾವತ್ತಾದರೂ ಮನೆಯ ಟೀವಿ ಸ್ಟ್ಯಾಂಡಿನ ಮೇಲೆ ಬಂದು ಕೂರುತ್ತವೆಂದು ಯಾರು ಕಂಡಿದ್ದರು?

ವಿಷಯ ಇಷ್ಟೇ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ಮೀನಿಗೆ ವಿಷ, ಮೂರನೆಯದನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಈ ಜೀವಿಗಳನ್ನು ರಷ್ಯಾದ ಸೆರ್ಗೈ ವಿನೊಗ್ರಾಡ್‌ಸ್ಕಿ 1890ರ ಸುಮಾರಿಗೇ ಬೇರ್ಪಡಿಸಿದ್ದ. ಎರಡನೆಯ ಕೆಲಸ ನೈಟ್ರೋಬ್ಯಾಕ್ಟರ್‌ನದು ಎಂದು ನಾವು ಓದಿದ್ದು; ಅಕ್ವೇರಿಯಂಗಳಲ್ಲಿ ಹುಡುಕಿದವರಿಗೆ 1990ರ ದಶಕದಲ್ಲಿ ಸಿಕ್ಕಿದ್ದು ನೈಟ್ರೋಸ್ಪೈರಾ. 2015ರಲ್ಲಿ ಇನ್ನೂ ಸೋಜಿಗ: ಎರಡೂ ಕೆಲಸವನ್ನು ಒಂದೇ ಜೀವಿ ಮಾಡುವುದು ಪತ್ತೆಯಾಯಿತು. ಆಗ ಅದು ಕಾಣಿಸಿಕೊಂಡ ಜಾಗಗಳಲ್ಲೊಂದು ಮೀನು ಸಾಕಣೆಯ ಫಿಲ್ಟರ್.

ಇವು ಮಹಾ ಸೋಮಾರಿಗಳು. ಮಾಮೂಲಿ ಬ್ಯಾಕ್ಟೀರಿಯಾ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ. ಇವಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕು. ಕಲಗಚ್ಚಿನಂತೆ ಕಂಡದ್ದು ಆ ಚುರುಕು ಜಾತಿ, ಮಿಕ್ಕಿದ ಕಾಳಿನ ಮೇಲೆ ಮೊಳೆತದ್ದು. ನನಗೆ ಬೇಕಾದದ್ದು ಈ ಸೋಮಾರಿ ಜಾತಿ. ಅದು ನೀರಿನಲ್ಲಿ ತೇಲಿಕೊಂಡಿರುವುದು ಕಡಿಮೆ. ಸ್ಪಂಜಿಗೆ, ಜಲ್ಲಿಗೆ ಅಂಟಿಕೊಂಡು ಬಾಳುತ್ತದೆ. ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ. ನಾನು ಎರಡು ಸಲ ಕ್ಲೋರಿನ್ ನೀರಿನಲ್ಲಿ ಸ್ಪಂಜು ಹಿಂಡಿದ್ದೆ.

ಅಮ್ಮ ಇದನ್ನೆಲ್ಲ ಕೇಳಿಸಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. "ದಿನಾ ಪಾತ್ರೆ ತಿಕ್ಕಿ ಹೊಸ ಹಾಲು ಸುರೀತಾ ಹೋದ್ರೆ ಮೊಸರು ಎಲ್ಲಿಂದ ಆಗತ್ತೋ? ಯಾರ ಮನೇಲಾದ್ರೂ ಒಂದು ಚೂರು ಹೆಪ್ಪು ಈಸ್ಕೊಂಡು ಬಾ."

ಅಮ್ಮನಿಗೆ ನೈಟ್ರೋಸ್ಪೈರಾ ಗೊತ್ತಿಲ್ಲ. ಮೋರಿಯ ಗಪ್ಪಿಗೆ ಉತ್ತರ ಕೊಟ್ಟವಳು ಅವಳೇ. ಮೋರಿಯ ಕಲ್ಲು, ಪಾಚಿ, ಕೆಸರು ಎಲ್ಲವೂ ಎಷ್ಟೋ ವರ್ಷದ ಹೆಪ್ಪು.

ಹದಿನಾಲ್ಕನೆಯ ದಿನ

ಹೆಪ್ಪು ಸಿಕ್ಕಿದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ಅಲ್ಲಿ ನಾಲ್ಕಡಿಯ ತೊಟ್ಟಿ, ಬಹಳ ವರ್ಷದ್ದು. ನೋಡಿಕೊಳ್ಳುವಾಕೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬಕೆಟ್ಟಿಗೆ ತೆಗೆದು, ಅದೇ ಬಕೆಟ್ಟಿನಲ್ಲಿ ಸ್ಪಂಜನ್ನು ಎರಡು ಸಲ ಅದ್ದಿ ಮತ್ತೆ ಸಿಕ್ಕಿಸುತ್ತಾರೆ. "ನಲ್ಲಿ ನೀರಿಗೆ ಹಿಡಿಯಲ್ವಾ ಅಕ್ಕ?" ಎಂದೆ. "ಹಿಡಿದ್ರೆ ಮೀನು ಸಾಯ್ತವೆ," ಎಂದರು, ಯಾಕೆಂಬ ಗೊಡವೆಯೇ ಇಲ್ಲದೆ. ಕತ್ತರಿಯಲ್ಲಿ ಬೆಂಕಿಪೊಟ್ಟಣದಷ್ಟು ತುಂಡು ಕೊಯ್ದು ಕೊಟ್ಟರು. ಕಂದು ಬಣ್ಣ, ಜಾರು ಜಾರು, ಮಳೆ ಬಿದ್ದ ಮಣ್ಣಿನ ವಾಸನೆ. ತಂದು ನಮ್ಮ ಬೆಳ್ಳನೆಯ ಸ್ಪಂಜಿಗೆ ಒತ್ತಿಕೊಂಡಿರುವಂತೆ ತುರುಕಿದೆ.

ಬದುಕುಳಿದಿದ್ದ ಎರಡು ಗೋಲ್ಡ್ ಫಿಶ್‌ಗಳನ್ನು ಅವರಿಗೇ ಒಪ್ಪಿಸಿದೆ. ಅದು ಕಾರ್ಪ್ ಕುಲದ ಮೀನು, ಒಂದಡಿವರೆಗೂ ಬೆಳೆಯುತ್ತದೆ, ತಿನ್ನುವುದೂ ಹೊರಹಾಕುವುದೂ ಜಾಸ್ತಿ. 45 ಲೀಟರಿಗೆ ಆರು ಮಾರಿದವನ ಬಗ್ಗೆ ಏನು ಹೇಳಲಿ, ಕೊಂಡವನು ನಾನು.

ಹದಿನಾರು

ಎರಡು ದಿನ ಕಾಳು ಹಾಕಲಿಲ್ಲ. ಮಗಳು ಮುಖ ಊದಿಸಿಕೊಂಡಳು. ಗಪ್ಪಿಗಳು ಊದಿಸಿಕೊಳ್ಳಲಿಲ್ಲ.

ಇಪ್ಪತ್ತೊಂದನೆಯ ದಿನ

ಅಮೋನಿಯಾ 0.5ಕ್ಕೆ ಇಳಿದಿದೆ. ಖುಷಿಯಿಂದ ಪಕ್ಕದ ನಳಿಕೆ ನೋಡಿದರೆ ನೈಟ್ರೈಟ್ ನೇರಳೆ: 2. ಇನ್ನೊಂದು ಗಪ್ಪಿ ಸತ್ತಿದೆ. ಗಾಳಿಗುಳ್ಳೆ ಬೇಕಾದಷ್ಟಿದ್ದರೂ ಉಳಿದೆರಡು ಮೇಲೆ ಬಂದು ಏದುಸಿರು ಬಿಡುತ್ತಿವೆ.

ನೈಟ್ರೈಟ್ ರಕ್ತಕ್ಕೆ ಸೇರಿದರೆ ಹಿಮೋಗ್ಲೋಬಿನ್ ಆಮ್ಲಜನಕ ಹೊರಲಾರದಂತಾಗುತ್ತದೆ; ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ನೈಟ್ರೇಟ್ ಹೆಚ್ಚಿರುವ ಬಾವಿ ನೀರಿನಲ್ಲಿ ಹಾಲಿನಪುಡಿ ಕಲಸಿ ಕೊಟ್ಟ ಹಸುಗೂಸುಗಳು ನೀಲಿಗಟ್ಟುವುದೂ ಇದೇ ಕಾಯಿಲೆಯಿಂದ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂಬ ಮಿತಿ ಆ ಕೂಸುಗಳನ್ನು ಕಾಯುವುದಕ್ಕೇ. ಮನುಷ್ಯರಿಗೆ ಇದು ಬಂದರೆ ಡಾಕ್ಟರು ರಕ್ತನಾಳಕ್ಕೆ ಕೊಡುವ ಔಷಧಿ ಮೆಥಿಲೀನ್ ಬ್ಲೂ, ಅಂದರೆ ಅಂಗಡಿಯವನ ನೀಲಿ ಬಾಟ್ಲಿಯಲ್ಲಿದ್ದದ್ದೇ. ಅವನಿಗೆ ಗೊತ್ತಿತ್ತೋ, ಕುರುಡು ಏಟೋ! ಆದರೂ ತೊಟ್ಟಿಗೆ ಮತ್ತೆ ಹಾಕಲಿಲ್ಲ. ಅದು ಬೆಳೆಯುತ್ತಿರುವ ಹೆಪ್ಪನ್ನೂ ಕೆಡಿಸುತ್ತದೆ.

ಬದಲಿಗೆ ಉಪ್ಪು. ನೈಟ್ರೈಟ್ ಕಿವಿರಿನೊಳಕ್ಕೆ ನುಗ್ಗುವುದು ಕ್ಲೋರೈಡಿಗೆಂದು ಇರುವ ಬಾಗಿಲಿನಿಂದ. ನೀರಿನಲ್ಲಿ ಕ್ಲೋರೈಡ್ ಸಾಕಷ್ಟಿದ್ದರೆ ಬಾಗಿಲಲ್ಲೇ ನೂಕುನುಗ್ಗಲಾಗಿ ನೈಟ್ರೈಟ್ ಹೊರಗೆ ಉಳಿಯುತ್ತದೆ. ಅರ್ಧ ನೀರು ಬದಲಾಯಿಸಿ, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ 45 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು ಕರಗಿಸಿ ಬಿಟ್ಟೆ. ಸಂಜೆಗೆ ಗಪ್ಪಿಗಳು ನಡುನೀರಿಗೆ ಇಳಿದವು.

ಇಪ್ಪತ್ತಾರು

ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಫಿಲ್ಟರ್ ನಿಂತರೆ ಮೀನಿಗಷ್ಟೇ ಅಲ್ಲ, ಸ್ಪಂಜಿನಲ್ಲಿರುವವರಿಗೂ ಉಸಿರುಕಟ್ಟುತ್ತದೆ. ಮನೆಯ ಯುಪಿಎಸ್‌ಗೆ ವೈಫೈ, ಎರಡು ಫ್ಯಾನು ಇತ್ತು. ವೈಫೈ ಕಿತ್ತು ಫಿಲ್ಟರ್ ಸಿಕ್ಕಿಸಿದೆ. ಮನೆಯಲ್ಲಿ ನನ್ನ ಜೊತೆ ಮಾತಾಡುತ್ತಿರುವುದು ಅಮ್ಮ ಒಬ್ಬಳೇ.

ಇಪ್ಪತ್ತೊಂಬತ್ತು

ಗಾಜಿನ ಮೇಲೆ ಬಸವನಹುಳು! ತಂದದ್ದು ಯಾರೂ ಅಲ್ಲ. ಹೋದ ವಾರ ನೆಟ್ಟ ನೀರುಗಿಡದ ಎಲೆಯಡಿ ಮೊಟ್ಟೆ ಇದ್ದಿರಬೇಕು. ಇರಲಿ ಬಿಡು ಎಂದೆ. ಮೊದಲ ವಾರವಾಗಿದ್ದರೆ ತೊಟ್ಟಿಯನ್ನೇ ತೊಳೆದುಬಿಡುತ್ತಿದ್ದೆ.

ಮೂವತ್ತಮೂರನೆಯ ದಿನ

ಅಮೋನಿಯಾ ಹಳದಿ. ನೈಟ್ರೈಟ್ ತಿಳಿನೀಲಿ. ಎರಡೂ ಸೊನ್ನೆ. ನೈಟ್ರೇಟ್ ಕಿತ್ತಳೆ: 20. ಎರಡನೆಯ ಬಾಟ್ಲಿಯನ್ನು ಅರ್ಧ ನಿಮಿಷ ಕೈ ನೋಯುವಷ್ಟು ಕುಲುಕದಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಹಾಗಾಗಿ ಎರಡು ಸಲ ಮಾಡಿದೆ. ಮತ್ತೆ 20.

ಕುತೂಹಲಕ್ಕೆ ಬೋರ್‌ವೆಲ್ ನೀರನ್ನೂ ನೋಡಿದೆ: 40. ಇದನ್ನು ಸುರಿದು ತೊಟ್ಟಿಯ ನೈಟ್ರೇಟ್ ಇಳಿಸುವುದು ಹೇಗೆ? ನಾವು ಇದರಲ್ಲೇ ಸ್ನಾನ ಮಾಡುತ್ತೇವೆ, ಬೇಸಿಗೆಯಲ್ಲಿ ಕಾವೇರಿ ಬರದ ದಿನ ಇದರಲ್ಲೇ ಸಾರು ಕುದಿಯುತ್ತದೆ. ಈ ಪ್ರಶ್ನೆಯನ್ನು ಹೆಂಡತಿಗೆ ಇನ್ನೂ ತೋರಿಸಿಲ್ಲ.

ನಲವತ್ತನೆಯ ದಿನ

ಈಗಿನ ಕಟ್ಟಳೆ: ಭಾನುವಾರ ಕಾಲು ಭಾಗ ನೀರು ಹೊರಗೆ, ಅಷ್ಟೇ ಹಿಂದಿನ ದಿನ ತೆರೆದಿಟ್ಟ ಕಾವೇರಿ ನೀರು ಒಳಗೆ. ಕಾಳು ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ. ಅಡುಗೆಮನೆ ಕಿಟಕಿಯ ಮನಿ ಪ್ಲಾಂಟನ್ನು ತಂದು ಬೇರು ಮಾತ್ರ ನೀರಿಗಿಳಿಯುವಂತೆ ಅಂಚಿಗೆ ಸಿಕ್ಕಿಸಿದ್ದೇನೆ. ನೈಟ್ರೇಟ್ ಅದಕ್ಕೆ ಊಟ. ಉಪ್ಪು ನೀರು ಬದಲಾಗುತ್ತ ಬದಲಾಗುತ್ತ ತೆಳುವಾಯಿತು, ಹೊರಗೆ ತೆಗೆದದ್ದನ್ನು ಈಗ ಕರಿಬೇವಿನ ಗಿಡಕ್ಕೆ ಹಾಕುತ್ತೇವೆ. ಗಾಜಿನ ಮೇಲೆ ತೆಳ್ಳಗೆ ಪಾಚಿ ಹಿಡಿದಿದೆ, ನೀರಿಗೆ ಎಳೆ ಚಹಾದ ಬಣ್ಣ. ನೆಂಟರು ಬಂದವರು "ತೊಳೆಯೋದಿಲ್ವಾ?" ಎಂದು ಕೇಳಿಹೋದರು.

ನಲವತ್ತನಾಲ್ಕು

ಉಳಿದೆರಡು ಗಪ್ಪಿಗಳಲ್ಲಿ ಒಂದು ಹೆಣ್ಣು. ಮನಿ ಪ್ಲಾಂಟಿನ ಬೇರುಗಳ ನಡುವೆ ಕಣ್ಣು ಮಾತ್ರ ಕಾಣುವಂಥ ಮರಿಗಳು. ಮಗಳು ಎಣಿಸಿದಾಗ 14, ನಾನು ಎಣಿಸಿದಾಗ 11.

ಹೊಸ ತೊಟ್ಟಿ ಇಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ಮೀನು ತರುವ ಮುಂಚೆ ಹಳೇ ತೊಟ್ಟಿ ಇರುವವರನ್ನು ಹುಡುಕಿಕೊಳ್ಳಿ. ಹೋಗುವಾಗ ಡಬ್ಬಿ ಒಯ್ಯಿರಿ, ಸ್ಪಂಜಿನ ತುಂಡನ್ನು ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತನ್ನಿ. ಒಣಗಿದರೆ ಅದು ಬರೀ ಸ್ಪಂಜು.